ಈ ಸಲ ಯಾರ ಮನೆಗೆ? 'ದಿ ಕರೆಕ್ಷನ್ಸ್' ಕಾದಂಬರಿಯ ಕ್ರಿಸ್‌ಮಸ್

ಡಿಸೆಂಬರ್ ಹತ್ತಿರ ಬಂತೆಂದರೆ ನನ್ನಂಥ ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಒಂದು ಎಕ್ಸೆಲ್ ಹಾಳೆ ತುಂಬುವ ಕೆಲಸ ಇರುತ್ತದೆ. ಯಾರಿಗೆ ಯಾವ ದಿನ ರಜೆ, ಯಾರು ಸಪೋರ್ಟಿಗೆ, ರಾತ್ರಿ ಏನಾದರೂ ಕೆಟ್ಟರೆ ಯಾರ ಫೋನ್ ಹೊಡೆದುಕೊಳ್ಳಬೇಕು ಎಂಬ ಪಟ್ಟಿ. ನಮ್ಮ ಗ್ರಾಹಕರು ಅಮೆರಿಕದವರು. ಕ್ರಿಸ್‌ಮಸ್ ಬರುವ ಮೊದಲೇ ಕೋಡ್ ಫ್ರೀಜ್ ಎಂದು ಘೋಷಿಸಿ ಅವರು ಊರಿಗೆ ಹೊರಡುತ್ತಾರೆ. ಪುಣೆಯಲ್ಲಿ ಕೂತ ನಾವು ಅವರ ಸಿಸ್ಟಮ್ ಕಾಯುತ್ತೇವೆ.

ಆ ಕಡೆಯ ಮ್ಯಾನೇಜರ್ ಒಬ್ಬರಿದ್ದರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಕಾಲ್‌ಗೆ ಎಲ್ಲರೂ ಸೇರುವವರೆಗಿನ ಎರಡು ನಿಮಿಷದ ಹರಟೆಯಲ್ಲಿ ಅಕ್ಟೋಬರಿನಿಂದಲೇ ಅವರದು ಒಂದೇ ವಿಷಯ. ಈ ವರ್ಷ ಥ್ಯಾಂಕ್ಸ್‌ಗಿವಿಂಗ್ ಹೆಂಡತಿಯ ಮನೆಯವರ ಜೊತೆ, ಹಾಗಾಗಿ ಕ್ರಿಸ್‌ಮಸ್ ತನ್ನ ಅಪ್ಪ ಅಮ್ಮನ ಜೊತೆ. ಆದರೆ ತಂಗಿಯೂ ಅದೇ ವಾರ ಬರುತ್ತಾಳೆ, ಮಲಗಲು ಜಾಗ ಸಾಲದು, ಹೋಟೆಲಿನಲ್ಲಿ ಇಳಿದರೆ ಅಮ್ಮನಿಗೆ ಬೇಸರ. ನಾನು ಹೂಂಗುಟ್ಟುತ್ತಿದ್ದೆ. ಹವಾಮಾನದ ಮಾತಿನ ಹಾಗೆ ಇದೂ ಒಂದು ಎಂದುಕೊಂಡಿದ್ದೆ. ಜೊನಾಥನ್ ಫ್ರಾನ್ಜೆನ್ ಅವರ 'ದಿ ಕರೆಕ್ಷನ್ಸ್' ಓದಿದ ಮೇಲೆ ಗೊತ್ತಾಯಿತು, ಆ ಮನುಷ್ಯ ಪ್ರತಿ ಶರತ್ಕಾಲದಲ್ಲೂ ತನ್ನ ಬದುಕಿನ ಅತಿ ಗಂಭೀರವಾದ ಸಂಗತಿಯನ್ನೇ ನನಗೆ ಹೇಳುತ್ತಿದ್ದ ಎಂದು.

2001ರಲ್ಲಿ ಬಂದ, ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಪಡೆದ ಕಾದಂಬರಿ ಇದು. ಇದರ ಬಗ್ಗೆ ಬರೆದವರು ಸಾಮಾನ್ಯವಾಗಿ ಎತ್ತಿಕೊಳ್ಳುವುದು ದೊಡ್ಡ ವಿಷಯಗಳನ್ನು: ತೊಂಬತ್ತರ ದಶಕದ ಷೇರುಪೇಟೆ, ಮನಸ್ಸಿನ ಕಾಯಿಲೆಗೆಲ್ಲ ಮಾತ್ರೆ ಎಂಬ ನಂಬಿಕೆ, ಜಾಗತೀಕರಣ. ಅವೆಲ್ಲ ಪುಸ್ತಕದಲ್ಲಿ ಇವೆ. ಆದರೆ ಇಡೀ ಕಾದಂಬರಿಯನ್ನು ಹಿಡಿದು ನಿಲ್ಲಿಸಿರುವ ಕಂಬ ಒಂದೇ ಒಂದು ಸಣ್ಣ ಪ್ರಶ್ನೆ: ಈ ಕ್ರಿಸ್‌ಮಸ್‌ಗೆ ಮಕ್ಕಳು ಸೇಂಟ್ ಜೂಡ್‌ಗೆ ಬರುತ್ತಾರೋ ಇಲ್ಲವೋ? ಆ ಪ್ರಶ್ನೆಯನ್ನೇ ಹಿಡಿದು ಓದಿದರೆ ಕಾದಂಬರಿಯ ಬಲವೂ ಕಾಣುತ್ತದೆ, ಅದರ ಒಂದು ದೊಡ್ಡ ಕೊರತೆಯೂ ಕಾಣುತ್ತದೆ ಎಂಬುದು ನನ್ನ ವಾದ.

ಮೊದಲು ಕಥೆ. ಸೇಂಟ್ ಜೂಡ್ ಅಮೆರಿಕದ ಮಧ್ಯಪಶ್ಚಿಮದ ಒಂದು ಕಾಲ್ಪನಿಕ ಊರು. ಅಲ್ಲಿ ಈನಿಡ್ ಮತ್ತು ಆಲ್‌ಫ್ರೆಡ್ ಲ್ಯಾಂಬರ್ಟ್ ಎಂಬ ವಯಸ್ಸಾದ ದಂಪತಿ. ಆಲ್‌ಫ್ರೆಡ್ ರೈಲ್ವೆ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು. ಈಗ ಪಾರ್ಕಿನ್ಸನ್ ಕಾಯಿಲೆ, ಅದರ ಜೊತೆಗೆ ಮರೆವು ಮತ್ತು ಭ್ರಮೆ. ಮೂವರು ಮಕ್ಕಳೂ ಪೂರ್ವ ಕರಾವಳಿಗೆ ವಲಸೆ ಹೋದವರು. ದೊಡ್ಡವನು ಗ್ಯಾರಿ ಫಿಲಡೆಲ್ಫಿಯಾದಲ್ಲಿ ಬ್ಯಾಂಕ್ ಉದ್ಯೋಗಿ, ಹೆಂಡತಿ ಕ್ಯಾರೊಲೈನ್, ಮೂರು ಗಂಡುಮಕ್ಕಳು. ಎರಡನೆಯವನು ಚಿಪ್, ಕಾಲೇಜಿನ ಕೆಲಸ ಕಳೆದುಕೊಂಡು ನ್ಯೂಯಾರ್ಕಿನಲ್ಲಿ ಅಡ್ಡಾಡಿ ಕೊನೆಗೆ ಲಿಥುವೇನಿಯಾ ಸೇರುತ್ತಾನೆ. ಕೊನೆಯವಳು ಡೆನೀಸ್, ಫಿಲಡೆಲ್ಫಿಯಾದ ಹೆಸರಾಂತ ಬಾಣಸಿಗಿತ್ತಿ. ಈನಿಡ್‌ಗೆ ಬೇಕಾಗಿರುವುದು ಇಷ್ಟೇ: ಎಲ್ಲರೂ ಕೊನೆಯದಾಗಿ ಒಂದು ಸಲ ಹುಟ್ಟಿದ ಮನೆಯಲ್ಲಿ ಕ್ರಿಸ್‌ಮಸ್ ಮಾಡಬೇಕು.

'ಕೊನೆಯದಾಗಿ ಒಂದು ಸಲ.' ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಫೋನಿನಲ್ಲಿ ಅಮ್ಮ ಹೇಳುವಾಗ ಅದು ಬೇಡಿಕೆಯ ರೂಪದಲ್ಲಿ ಇರುವುದಿಲ್ಲ. ಅಪ್ಪನ ಮಂಡಿನೋವಿನ ಸುದ್ದಿಯ ನಡುವೆ, ಪಕ್ಕದ ಮನೆಯ ಹುಡುಗ ಬೆಂಗಳೂರಿನಿಂದ ಬಂದು ಹೋದ ವರದಿಯ ನಡುವೆ ಹಾಗೇ ತೂರಿಕೊಂಡು ಬರುತ್ತದೆ. ಈನಿಡ್‌ಳ ವಿಧಾನವೂ ಅದೇ. ನೆರೆಮನೆಯವರ ಮಕ್ಕಳು ಏನು ಮಾಡಿದರು, ಎಲ್ಲಿಗೆ ಬಂದರು ಎಂಬುದು ಅವಳ ಮಾತಿನಲ್ಲಿ ತಕ್ಕಡಿಯ ಆ ಕಡೆಯ ಬಟ್ಟು. ಅವಳನ್ನು ಓದುವಾಗ ನಗು ಬರುತ್ತದೆ. ಫ್ರಾನ್ಜೆನ್ ನಗಿಸಲೆಂದೇ ಬರೆದಿದ್ದಾರೆ. ಆದರೆ ಸ್ವಲ್ಪ ದೂರ ಹೋದ ಮೇಲೆ ಆ ನಗು ನಿಲ್ಲುತ್ತದೆ, ಯಾಕೆಂದರೆ ಅವಳ ಬಳಿ ಬೇರೆ ಸಾಧನವೇ ಇಲ್ಲ. ಗಂಡ ಮಾತಾಡುವವನಲ್ಲ. ಮಕ್ಕಳ ಬದುಕಿನಲ್ಲಿ ಅವಳಿಗೆ ಅರ್ಥವಾಗುವುದು ಕಡಿಮೆ. 'ನಿಮಗೆ ನಾನು ಬೇಕೇ' ಎಂದು ಕೇಳುವ ಧೈರ್ಯ ಯಾವ ತಾಯಿಗೂ ಇರುವುದಿಲ್ಲ. 'ಬರ್ತೀರಾ' ಎಂದು ಕೇಳಬಹುದು. ಅದಕ್ಕೆ ದಿನಾಂಕ ಇದೆ, ಟಿಕೆಟ್ ಇದೆ, ಹೌದು-ಇಲ್ಲ ಎಂಬ ಉತ್ತರ ಇದೆ.

ಕಾದಂಬರಿಯ ಅತ್ಯುತ್ತಮ ಭಾಗ, ನನ್ನ ಮಟ್ಟಿಗೆ, ಗ್ಯಾರಿಯ ಮನೆಯ ಅಧ್ಯಾಯ. ಮತ್ತೆ ಸೇಂಟ್ ಜೂಡ್‌ನಲ್ಲಿ ಕ್ರಿಸ್‌ಮಸ್ ಇಲ್ಲ ಎಂಬುದು ಕ್ಯಾರೊಲೈನಳ ನಿಲುವು. ಗ್ಯಾರಿಗೆ ತಾಯಿಯ ಆಸೆ ನಡೆಸಿಕೊಡಬೇಕು, ಆದರೆ ಅದು ತನ್ನದೇ ಆಸೆ ಎಂದು ಒಪ್ಪಿಕೊಳ್ಳಲು ಸಂಕೋಚ. ಒಂದು ದಿನ ಕ್ಯಾರೊಲೈನ್ ಅಂಗಳದಲ್ಲಿ ಮಕ್ಕಳ ಜೊತೆ ಚೆಂಡಾಡುತ್ತಿರುವಾಗ ಫೋನ್ ಬರುತ್ತದೆ. ಈನಿಡ್‌ಳ ಫೋನ್. ಅದನ್ನು ಎತ್ತಲು ಓಡಿಬಂದದ್ದರಿಂದಲೇ ತನ್ನ ಬೆನ್ನು ಉಳುಕಿತು ಎನ್ನುತ್ತಾಳೆ ಕ್ಯಾರೊಲೈನ್. ಫೋನ್ ಬರುವ ಮೊದಲೇ ನೀನು ಕುಂಟುತ್ತಿದ್ದೆ, ಕಿಟಕಿಯಿಂದ ನೋಡಿದ್ದೇನೆ ಎನ್ನುತ್ತಾನೆ ಗ್ಯಾರಿ. ಯಾವುದು ಮೊದಲು, ನೋವೋ ಫೋನೋ? ಗಂಡ ಹೆಂಡತಿ ಇದೊಂದರ ಮೇಲೆ ಪುಟಗಟ್ಟಲೆ ಜಗಳವಾಡುತ್ತಾರೆ. ಮದುವೆಯಾಗಿ ಹದಿನೈದು ವರ್ಷ ಕಳೆದವರು ಇದನ್ನು ಓದಿದರೆ ಪುಸ್ತಕ ಮುಚ್ಚಿ ಒಮ್ಮೆ ಅಡುಗೆಮನೆಯ ಕಡೆ ನೋಡುತ್ತಾರೆ. ಜಗಳ ಕ್ರಿಸ್‌ಮಸ್ಸಿನದು, ಆದರೆ ಕ್ರಿಸ್‌ಮಸ್ಸಿನ ಹೆಸರು ಎತ್ತುವ ಹಾಗಿಲ್ಲ. ಆದ್ದರಿಂದ ಬೆನ್ನುನೋವಿನ ಮೇಲೆ ವಿಚಾರಣೆ ನಡೆಯುತ್ತದೆ.

ಮುಂದಕ್ಕೆ ಅದು ಇನ್ನೂ ಬಿಗಿಯಾಗುತ್ತದೆ. ನಿನಗೆ ಖಿನ್ನತೆಯ ಕಾಯಿಲೆ ಇದೆ, ಒಪ್ಪಿಕೋ ಎನ್ನುತ್ತಾಳೆ ಹೆಂಡತಿ. ಒಪ್ಪಿಕೊಂಡರೆ ತನ್ನ ಯಾವ ಮಾತಿಗೂ ಇನ್ನು ಬೆಲೆ ಇರುವುದಿಲ್ಲ, ಎಲ್ಲವೂ ಕಾಯಿಲೆಯ ಮಾತಾಗುತ್ತದೆ ಎಂದು ಗ್ಯಾರಿಗೆ ಗೊತ್ತು. ಮಕ್ಕಳು ಅಮ್ಮನ ಪಕ್ಷ. ಕಿರಿಯ ಮಗ ಜೋನಾ ಒಬ್ಬನಿಗೆ ಮಾತ್ರ ಅಜ್ಜಿಯ ಮನೆಗೆ ಹೋಗುವ ಉತ್ಸಾಹ, ಅವನೇ ಗ್ಯಾರಿಯ ಏಕೈಕ ಓಟು. ಕೊನೆಗೆ ಗ್ಯಾರಿ ಕುಡಿದು ಬೇಲಿಯ ಗಿಡ ಕತ್ತರಿಸಲು ಹೋಗಿ ಕೈ ಗಾಯ ಮಾಡಿಕೊಂಡು ಶರಣಾಗುತ್ತಾನೆ. ಕ್ರಿಸ್‌ಮಸ್ ಬಂದಾಗ ಸೇಂಟ್ ಜೂಡ್‌ನಲ್ಲಿ ಇಳಿಯುವವನು ಅವನೊಬ್ಬನೇ. ಅಜ್ಜಿ ದಾರಿ ಕಾಯುತ್ತಿದ್ದ ಜೋನಾ ಕೂಡ ಬರಲಿಲ್ಲ.

ಇಷ್ಟು ಸಣ್ಣ ವಿಷಯ ಇಷ್ಟು ದೊಡ್ಡ ಯುದ್ಧವಾಗುವುದು ಯಾಕೆ? ನನ್ನ ಉತ್ತರ ಸಿಕ್ಕಿದ್ದು ಪುಸ್ತಕದ ಹೊರಗೆ, ನಮ್ಮ ಕಡೆಯ ಪದ್ಧತಿಗಳಲ್ಲಿ. ಮದುವೆಯಾದ ಮೊದಲ ದೀಪಾವಳಿಗೆ ಅಳಿಯ ಮಾವನ ಮನೆಗೆ ಹೋಗಬೇಕು. ಅದನ್ನು ಯಾರೂ ಚರ್ಚಿಸುವುದಿಲ್ಲ. ಧಾರವಾಡದ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರಲು ಅಣ್ಣನೋ ತಮ್ಮನೋ ಹೋಗುತ್ತಾನೆ. ಹಳೇ ಮೈಸೂರಿನ ಕಡೆ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರುತ್ತದೆ, ಬಾಗಿನ ತರಲಾಗದಿದ್ದರೆ ಅದರ ಹೆಸರಿನಲ್ಲಿ ದುಡ್ಡಾದರೂ ಬರುತ್ತದೆ. ಯಾರು ಯಾವ ಹಬ್ಬಕ್ಕೆ ಎಲ್ಲಿ ಎಂಬುದನ್ನು ನಮ್ಮ ಅಜ್ಜಿಯರ ಕಾಲದಲ್ಲಿ ಪದ್ಧತಿ ತೀರ್ಮಾನಿಸಿಬಿಡುತ್ತಿತ್ತು. ಹೋದವನು ಪ್ರೀತಿಯಿಂದ ಹೋದನೋ, ಕಾಟಾಚಾರಕ್ಕೆ ಹೋದನೋ ಎಂದು ಅಳೆಯುವ ಅಗತ್ಯ ಬೀಳುತ್ತಿರಲಿಲ್ಲ. ಬಾರದೇ ಇದ್ದರೆ ಬೈಯಲು ಪದ್ಧತಿಯ ಹೆಸರಿತ್ತು, ತಾಯಿ ತನ್ನ ಮನಸ್ಸನ್ನು ಹೊರಗೆ ತೆಗೆದು ತೋರಿಸಬೇಕಾಗಿರಲಿಲ್ಲ.

ಲ್ಯಾಂಬರ್ಟ್ ಕುಟುಂಬದಲ್ಲಿ ಅಂಥ ನಿಯಮ ಇಲ್ಲ. ಅಮೆರಿಕದ ಎಷ್ಟೋ ಮನೆಗಳು ತಮಗೆ ತಾವೇ ಒಂದು ನಿಯಮ ಮಾಡಿಕೊಂಡಿವೆ. ನವೆಂಬರಿನ ನಾಲ್ಕನೆಯ ಗುರುವಾರದ ಥ್ಯಾಂಕ್ಸ್‌ಗಿವಿಂಗ್ ಒಬ್ಬರ ಕಡೆ, ಕ್ರಿಸ್‌ಮಸ್ ಇನ್ನೊಬ್ಬರ ಕಡೆ, ಮರುವರ್ಷ ಅದಲುಬದಲು. ನನ್ನ ಆ ಕಡೆಯ ಮ್ಯಾನೇಜರ್ ಹೇಳುತ್ತಿದ್ದದ್ದು ಇದನ್ನೇ. ಲ್ಯಾಂಬರ್ಟರಿಗೆ ಅದೂ ಆಗಲಿಲ್ಲ. ನಿಯಮ ಇಲ್ಲದ ಕಡೆ ಪ್ರತಿ ವರ್ಷವೂ ಹೊಸದಾಗಿ ನಿರ್ಧರಿಸಬೇಕು, ಪ್ರತಿ ನಿರ್ಧಾರವೂ ಒಂದು ತೀರ್ಪು. ವಿಮಾನದ ಟಿಕೆಟ್ ಕೊಂಡರೆ ಅಮ್ಮನ ಕಡೆ, ಕೊಳ್ಳದಿದ್ದರೆ ಹೆಂಡತಿಯ ಕಡೆ. ಆರು ರಾತ್ರಿ ಉಳಿದರೆ ಇಷ್ಟು ಪ್ರೀತಿ, ಮೂರು ರಾತ್ರಿ ಉಳಿದರೆ ಅದರ ಅರ್ಧ. ಫ್ರಾನ್ಜೆನ್ ಅವರ ದೊಡ್ಡ ಸಾಧನೆ ಇದನ್ನು ಕಂಡದ್ದು. ಪ್ರಯಾಣದ ಏರ್ಪಾಟಿನ ವಿವರಗಳನ್ನು ಅವರು ಕಥೆಗೆ ಹಿನ್ನೆಲೆ ಮಾಡಲಿಲ್ಲ. ದಿನಾಂಕ, ಟಿಕೆಟ್, ಎಷ್ಟು ದಿನ, ಯಾರು ಯಾರು ಎಂಬುದರಲ್ಲೇ ಈ ಕುಟುಂಬದ ನೈತಿಕ ಬದುಕು ನಡೆಯುತ್ತಿದೆ ಎಂದು ಗುರುತಿಸಿದರು.

ಇಲ್ಲಿ ನನ್ನ ಮನೆಯ ಮಾತು ಸ್ವಲ್ಪ ಹೇಳಬೇಕು. ನನ್ನದು ಹಾಸನದ ಕಡೆ, ಹೆಂಡತಿ ಧಾರವಾಡದವಳು. ಪುಣೆಯಿಂದ ಹಾಸನಕ್ಕೆ ಹೊರಟರೆ ಧಾರವಾಡ ದಾರಿಯಲ್ಲೇ ಸಿಗುತ್ತದೆ. ಹಾಗಾಗಿ ಪ್ರತಿ ದೀಪಾವಳಿಗೆ ಮೊದಲು ಅಲ್ಲಿ ಇಳಿಯುತ್ತೇವೆ, ಮಕ್ಕಳು ಆಟಕ್ಕೆ ಬೀಳುತ್ತಾರೆ, ಇನ್ನೊಂದು ದಿನ ಇರಿ ಎನ್ನುತ್ತಾರೆ, ಇರುತ್ತೇವೆ. ಹಾಸನಕ್ಕೆ ಉಳಿಯುವುದು ಎರಡು ದಿನ. ಹೋದ ವರ್ಷ ಅಮ್ಮ ಫೋನಿನಲ್ಲಿ ಹೇಳಿದರು: "ದಾರೀಲಿ ಸಿಗೋರ ಮನೆಗೆ ನಾಲ್ಕು ದಿನ, ದಾರಿ ಕೊನೇಲಿ ಇರೋರಿಗೆ ಎರಡೇ ದಿನ. ಇರಲಿ ಬಿಡಪ್ಪಾ." ಆ 'ಇರಲಿ ಬಿಡಪ್ಪಾ' ಎರಡು ವಾರ ಕಿವಿಯಲ್ಲಿತ್ತು. ರೈಲ್ವೆಯವರು ಈಗ 60 ದಿನ ಮೊದಲು ಟಿಕೆಟ್ ತೆರೆಯುತ್ತಾರೆ. ನಮ್ಮ ಮನೆಯಲ್ಲಿ ಹಬ್ಬದ ಜಗಳವೂ ಸರಿಯಾಗಿ ಹಬ್ಬಕ್ಕೆ 60 ದಿನ ಇರುವಾಗ ನಡೆಯುತ್ತದೆ. ಫಿಲಡೆಲ್ಫಿಯಾದ ಗ್ಯಾರಿ ನನಗೆ ಹೊರಗಿನವನಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಕಾಣದಿದ್ದುದೇ ತಪ್ಪಾಯಿತೋ ಏನೋ. ಪುಸ್ತಕವನ್ನು ಹೊಗಳಿ ಹೊಗಳಿ ಹೆಂಡತಿಗೆ ಕೊಟ್ಟೆ. ಅವಳು ಓದಿ ಮುಗಿಸಿ ಕೇಳಿದ್ದು ಒಂದೇ ಮಾತು: "ಈಕೀದೊಂದು ಅಧ್ಯಾಯ ಎಲ್ಲದ ಇದರಾಗ?"

ಅವಳು ಕೇಳಿದ್ದು ಕ್ಯಾರೊಲೈನಳ ಬಗ್ಗೆ. ನಾನು ಮತ್ತೆ ತಿರುವಿ ನೋಡಿದೆ. ಚಿಪ್‌ಗೆ ತನ್ನ ಭಾಗ ಇದೆ, ಗ್ಯಾರಿಗೆ ಇದೆ, ಡೆನೀಸ್‌ಗೆ ಇದೆ. ಈನಿಡ್ ಮತ್ತು ಆಲ್‌ಫ್ರೆಡ್‌ರ ತಲೆಯೊಳಗೆ ನಾವು ಎಷ್ಟೋ ಹೊತ್ತು ಇರುತ್ತೇವೆ. ಮತಿ ತಪ್ಪುತ್ತಿರುವ ಮುದುಕನ ಭ್ರಮೆಗೂ ಲೇಖಕರು ಜಾಗ ಕೊಟ್ಟಿದ್ದಾರೆ. ಕ್ಯಾರೊಲೈನಳ ಮನಸ್ಸಿನೊಳಗೆ ಮಾತ್ರ ಒಂದು ಪುಟವೂ ಇಲ್ಲ. ಅವಳನ್ನು ನಾವು ನೋಡುವುದೆಲ್ಲ ಗ್ಯಾರಿಯ ಕಣ್ಣಿನಿಂದ, ಗ್ಯಾರಿ ಆ ಹೊತ್ತಿಗೆ ನಂಬಲು ಯೋಗ್ಯನಾದ ಸಾಕ್ಷಿಯಲ್ಲ. ಹೀಗಾಗಿ ಓದುಗರು ಆಕೆಯನ್ನು ನೆನಪಿಟ್ಟುಕೊಳ್ಳುವುದು ಮಕ್ಕಳನ್ನು ತನ್ನ ಕಡೆ ಎಳೆದುಕೊಳ್ಳುವ ಜಾಣೆ ಎಂದು. ಅತ್ತೆಯ ಮನೆಯಲ್ಲಿ ಅವಳು ಕಳೆದ ಕ್ರಿಸ್‌ಮಸ್ಸುಗಳು ಅವಳಿಗೆ ಹೇಗಿದ್ದವು, ಆ ಅಡುಗೆಮನೆಯಲ್ಲಿ ಅವಳು ಎಲ್ಲಿ ನಿಲ್ಲಬೇಕಾಗಿತ್ತು, ಯಾವ ಮಾತನ್ನು ನುಂಗಿದಳು ಎಂಬುದು ಅವಳ ಒಳಗಿನಿಂದ ನಮಗೆ ಸಿಗುವುದಿಲ್ಲ.

ಇದು ಬರೀ ಒಂದು ಪಾತ್ರಕ್ಕೆ ಆದ ಅನ್ಯಾಯ ಅಲ್ಲ, ಕಾದಂಬರಿಯ ಮುಖ್ಯ ಪ್ರಶ್ನೆಗೇ ಆದ ಅನ್ಯಾಯ. ಮೇಲೆ ನಾನು ಪದ್ಧತಿಯನ್ನು ಹೊಗಳಿದೆನಲ್ಲ, ಆ ಪದ್ಧತಿ ಅಷ್ಟು ಸಲೀಸಾಗಿ ನಡೆಯಲು ಕಾರಣ ಏನು? ಒಬ್ಬಳನ್ನು ಯಾರೂ ಕೇಳುತ್ತಿರಲಿಲ್ಲ. ಸೊಸೆಯಾದವಳು ಕರೆದಾಗ ಬರಬೇಕು, ಕಳಿಸಿದಾಗ ಹೋಗಬೇಕು. ತವರಿಗೆ ಹೋಗುವ ಪಂಚಮಿಯ ಹಾಡುಗಳಲ್ಲಿ ಅಷ್ಟೊಂದು ಹಂಬಲ ಇರುವುದು ಉಳಿದ ದಿನಗಳಲ್ಲಿ ಹೋಗುವ ಸ್ವಾತಂತ್ರ್ಯ ಇಲ್ಲದ್ದಕ್ಕೆ ತಾನೇ? ನಿಯಮ ಇದ್ದಾಗ ಯಾರ ಪ್ರೀತಿಯೂ ಪರೀಕ್ಷೆಗೆ ನಿಲ್ಲುತ್ತಿರಲಿಲ್ಲ ನಿಜ. ಆದರೆ ಆ ನೆಮ್ಮದಿಯ ಖರ್ಚನ್ನು ಒಬ್ಬಳು ಭರಿಸುತ್ತಿದ್ದಳು. ಕ್ಯಾರೊಲೈನ್ ಆ ಖರ್ಚು ಕೊಡಲು ಒಲ್ಲೆ ಎಂದವಳು. ಹಳೆಯ ನಿಯಮ ಮುರಿದುಬಿದ್ದ ಕಥೆಯಲ್ಲಿ ಅದನ್ನು ಮುರಿದವಳ ಸಾಕ್ಷ್ಯವೇ ಇಲ್ಲದಿದ್ದರೆ ವಿಚಾರಣೆ ಪೂರ್ತಿಯಾಯಿತೆಂದು ಹೇಗೆ ಹೇಳುವುದು? ಎಲ್ಲರ ಒಳಗೂ ಹೊಕ್ಕು ಬರುವ ಶಕ್ತಿ ಇರುವ ಲೇಖಕ ಈ ಒಂದು ಬಾಗಿಲನ್ನು ತಟ್ಟಲಿಲ್ಲ ಎಂಬುದು ನನ್ನ ದೂರು. ನನ್ನದು ಎನ್ನುವುದಕ್ಕಿಂತ ನನ್ನ ಹೆಂಡತಿಯದು.

ಇದೇ ವಿಷಯವನ್ನು ಜನಪ್ರಿಯ ಕಥೆಗಳು ಹೇಗೆ ಹಿಡಿಯುತ್ತವೆ ಎಂದು ನೋಡಿದರೆ ಫ್ರಾನ್ಜೆನ್ ಎಷ್ಟು ದೂರ ಹೋಗಿದ್ದಾರೆ ಎಂಬುದು ಗೊತ್ತಾಗುತ್ತದೆ. ಅದೇ 2001ರಲ್ಲಿ ಜಾನ್ ಗ್ರಿಶಮ್ ಅವರ 'ಸ್ಕಿಪ್ಪಿಂಗ್ ಕ್ರಿಸ್‌ಮಸ್' ಎಂಬ ಸಣ್ಣ ಕಾದಂಬರಿ ಬಂತು. ಲೂಥರ್ ಕ್ರ್ಯಾಂಕ್ ಎಂಬ ಲೆಕ್ಕಪತ್ರದ ಮನುಷ್ಯ, ಅವನ ಹೆಂಡತಿ ನೋರಾ. ಮಗಳು ಬ್ಲೇರ್ ಪೀಸ್ ಕೋರ್ ಕೆಲಸಕ್ಕೆ ಪೆರು ದೇಶಕ್ಕೆ ಹೋಗಿದ್ದಾಳೆ. ಹಿಂದಿನ ಕ್ರಿಸ್‌ಮಸ್‌ಗೆ 6,100 ಡಾಲರ್ ಖರ್ಚಾಗಿದೆ ಎಂದು ಲೆಕ್ಕ ಹಾಕಿದ ಲೂಥರ್, ಈ ಸಲ ಹಬ್ಬವೇ ಬೇಡ, ಅದಕ್ಕಿಂತ ಕಡಿಮೆಯಲ್ಲಿ ಕೆರಿಬಿಯನ್ ಹಡಗಿನ ಪ್ರವಾಸ ಮಾಡಿಬರೋಣ ಎನ್ನುತ್ತಾನೆ. ಹಬ್ಬದ ಹಿಂದಿನ ದಿನ ಮಗಳ ಫೋನ್: ನಾನು ಮನೆಗೆ ಬರುತ್ತಿದ್ದೇನೆ, ಜೊತೆಗೆ ಮದುವೆಯಾಗುವ ಹುಡುಗನೂ ಇದ್ದಾನೆ. ಅಷ್ಟೇ, ಲೆಕ್ಕವೆಲ್ಲ ಬಿದ್ದುಹೋಗುತ್ತದೆ, ಬೀದಿಯವರೆಲ್ಲ ಸೇರಿ ಕೆಲವು ಗಂಟೆಯಲ್ಲಿ ಹಬ್ಬ ಕಟ್ಟಿ ನಿಲ್ಲಿಸುತ್ತಾರೆ. ಓದಲು ಹಿತವಾಗಿದೆ. ಆದರೆ ಇಲ್ಲಿ ಮಗಳು ಬರುವುದಕ್ಕೆ ಯಾರೂ ಏನನ್ನೂ ಕಳೆದುಕೊಳ್ಳಬೇಕಾಗಿಲ್ಲ. ಆ ಹುಡುಗನ ಅಪ್ಪ ಅಮ್ಮ ಆ ಕ್ರಿಸ್‌ಮಸ್‌ಗೆ ಯಾರ ದಾರಿ ಕಾಯುತ್ತಿದ್ದರು ಎಂಬ ಪ್ರಶ್ನೆ ಕಥೆಯ ನಗುವನ್ನು ಕೆಡಿಸುವುದಿಲ್ಲ.

2008ರ 'ಫೋರ್ ಕ್ರಿಸ್‌ಮಸಸ್' ಚಿತ್ರ ಇನ್ನೂ ನೇರವಾಗಿ ಈ ವಿಷಯಕ್ಕೆ ಬರುತ್ತದೆ. ಗಂಡು ಹೆಣ್ಣು ಇಬ್ಬರ ತಂದೆತಾಯಿಯರೂ ವಿಚ್ಛೇದಿತರು, ಹಾಗಾಗಿ ಹೋಗಬೇಕಾದ ಮನೆ ನಾಲ್ಕು. ಸುಳ್ಳು ಹೇಳಿ ಫಿಜಿಗೆ ಹೊರಟ ಜೋಡಿ ಸ್ಯಾನ್ ಫ್ರಾನ್ಸಿಸ್ಕೋದ ಮಂಜಿನಿಂದಾಗಿ ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ಟಿವಿಯಲ್ಲಿ ಕಾಣಿಸಿಕೊಳ್ಳುತ್ತದೆ, ಒಂದೇ ದಿನ ನಾಲ್ಕೂ ಮನೆ ಸುತ್ತಬೇಕಾಗುತ್ತದೆ. ಉಪಾಯ ಚೆನ್ನಾಗಿದೆ. ಆದರೆ ಒಂದೇ ದಿನದಲ್ಲಿ ಎಲ್ಲರ ಮನೆಗೂ ಹೋಗಲು ಸಾಧ್ಯವಾದರೆ ಆಯ್ಕೆಯ ಪ್ರಶ್ನೆಯೇ ಹುಟ್ಟುವುದಿಲ್ಲ. ದೂರ ಇರುವುದರಿಂದಲೇ ಆಯ್ಕೆ, ಆಯ್ಕೆಯಿಂದಲೇ ನೋವು. ವಲಸೆ ಬಂದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇವೆರಡಕ್ಕಿಂತ ಮೊದಲು, 1931ರಲ್ಲೇ, ಥಾರ್ನ್‌ಟನ್ ವೈಲ್ಡರ್ 'ದಿ ಲಾಂಗ್ ಕ್ರಿಸ್‌ಮಸ್ ಡಿನ್ನರ್' ಎಂಬ ಏಕಾಂಕ ಬರೆದರು. ಬೇಯಾರ್ಡ್ ಕುಟುಂಬದ ಊಟದ ಮೇಜು, ತೊಂಬತ್ತು ವರ್ಷಗಳ ಕ್ರಿಸ್‌ಮಸ್ ಊಟಗಳು ತಡೆಯಿಲ್ಲದೆ ಒಂದೇ ಊಟದಂತೆ ಸಾಗುತ್ತವೆ. ಒಂದು ಬದಿಯ ಬಾಗಿಲಿನಿಂದ ಮಕ್ಕಳು ಹುಟ್ಟಿ ಬರುತ್ತಾರೆ, ಇನ್ನೊಂದು ಬದಿಯ ಕತ್ತಲ ಬಾಗಿಲಿನೊಳಗೆ ಸತ್ತವರು ಹೋಗುತ್ತಾರೆ. ಕೊನೆಗೆ ಮೇಜಿನ ಬಳಿ ಉಳಿಯುವವಳು ದೂರದ ಸಂಬಂಧಿ ಮುದುಕಿಯೊಬ್ಬಳು ಮಾತ್ರ. ಉಳಿದವರು ಬೇರೆ ಊರಿನಲ್ಲಿ ಹೊಸ ಮನೆಯ ಬದುಕು ಶುರುಮಾಡಿದ್ದಾರೆ. ಆ ಮೇಜಿನಲ್ಲಿ ಹುಟ್ಟು ಸಾವುಗಳಷ್ಟೇ ಸಹಜವಾಗಿ ಮಕ್ಕಳು ಮನೆ ಬಿಟ್ಟು ಹೋಗುವುದೂ ನಡೆಯುತ್ತದೆ. ವೈಲ್ಡರ್‌ಗೆ ಅದು ಕಾಲದ ನಿಯಮ, ದೂರಲು ಯಾರೂ ಇಲ್ಲ. ಫ್ರಾನ್ಜೆನ್ ಅಷ್ಟು ಎತ್ತರದಿಂದ ನೋಡುವುದಿಲ್ಲ. ಅವರ ಮೇಜಿನ ಖಾಲಿ ಕುರ್ಚಿಗೆ ಒಂದು ಕಾರಣ ಇದೆ, ಕಾರಣಕ್ಕೆ ಒಂದು ಹೆಸರಿದೆ, ಆ ಹೆಸರಿನವರಿಗೆ ಫೋನ್ ನಂಬರೂ ಇದೆ. ನಮ್ಮ ಕಾಲಕ್ಕೆ ಇದು ಹೆಚ್ಚು ನಿಜ ಅನ್ನಿಸುತ್ತದೆ.

ಹಾಗಾದರೆ ಸೇಂಟ್ ಜೂಡ್‌ನ ಆ ಕ್ರಿಸ್‌ಮಸ್ ನಡೆಯಿತೇ? ನಡೆಯಿತು, ಒಂದು ರೀತಿಯಲ್ಲಿ. ಆಲ್‌ಫ್ರೆಡ್ ನೆಲಮಾಳಿಗೆಯಲ್ಲಿ ದೀಪದ ಸರ ಹಿಡಿದು ಕೂತಿದ್ದಾನೆ. ಸರದ ಒಂದು ಭಾಗ ಮಾತ್ರ ಹತ್ತುತ್ತಿಲ್ಲ. ಹೊಸದು ಅಗ್ಗಕ್ಕೆ ಸಿಗುತ್ತದೆ, ಆದರೆ ಜೀವಮಾನವಿಡೀ ಕೆಟ್ಟದ್ದನ್ನು ರಿಪೇರಿ ಮಾಡಿದ ಎಂಜಿನಿಯರನಿಗೆ ಎಸೆಯಲು ಮನಸ್ಸಿಲ್ಲ, ಸರಿಮಾಡಲು ಕೈಯಲ್ಲಿ ಬಲವಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಇಡೀ ಪುಸ್ತಕದಲ್ಲಿ ಅತಿ ಕಷ್ಟವಾದ ಪುಟಗಳು ಇವು. ಗ್ಯಾರಿ ಬಂದು ಸ್ನಾನದ ಮನೆಯಲ್ಲಿ ಅಪ್ಪ ಹಿಡಿದುಕೊಳ್ಳಲು ಸರಳು ಕೂರಿಸುತ್ತಾನೆ, ಬೋಲ್ಟಿನ ದುಡ್ಡನ್ನು ಅಮ್ಮನಿಂದ ಕೇಳಿ ವಸೂಲು ಮಾಡುತ್ತಾನೆ. ಮನೆ ಮಾರಿಬಿಡಿ ಎಂದು ಒತ್ತಾಯಿಸುತ್ತಾನೆ. ಬರುವುದಕ್ಕೆ ಮೂರು ತಿಂಗಳು ಯುದ್ಧ ಮಾಡಿದವನು ಬಂದ ಮೇಲೆ ಎಲ್ಲರಿಗಿಂತ ಕೆಟ್ಟ ಅತಿಥಿ.

ಚಿಪ್ ಬರುತ್ತಾನೆಂದು ಯಾರೂ ನಂಬಿರಲಿಲ್ಲ. ಲಿಥುವೇನಿಯಾದಲ್ಲಿ ಸರ್ಕಾರ ಅಲುಗಾಡಿ, ದಾರಿಯಲ್ಲಿ ಇದ್ದಬದ್ದ ಹಣ ದರೋಡೆಯಾಗಿ, ಕ್ರಿಸ್‌ಮಸ್ ದಿನ ಬೆಳಿಗ್ಗೆ ಬರಿಗೈಯಲ್ಲಿ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ. ಐವರೂ ಒಂದೇ ಸೂರಿನಡಿ ಇರುವ ಹೊತ್ತು ಬಹಳ ಕಡಿಮೆ. ಈನಿಡ್ ವರ್ಷವಿಡೀ ಕನಸಿದ ಕ್ರಿಸ್‌ಮಸ್ ಒಂದು ಬೆಳಗಿನ ತಿಂಡಿಯಷ್ಟಕ್ಕೆ ಮುಗಿಯುತ್ತದೆ. ಆದರೆ ಆಮೇಲೆ ಅಪ್ಪನ ಪಕ್ಕ ಉಳಿದುಕೊಳ್ಳುವವನು ಚಿಪ್‌ನೇ. ಡೆನೀಸ್‌ಗೂ ಆ ಮನೆಯಲ್ಲಿ ಒಂದು ಸಂಗತಿ ತಿಳಿಯುತ್ತದೆ. ಅಪ್ಪ ಕೆಲಸವನ್ನು ಅವಧಿಗೆ ಮೊದಲೇ ಬಿಟ್ಟದ್ದು ಮಗಳ ಮಾನ ಕಾಯಲು, ಅದಕ್ಕಾಗಿ ತನ್ನ ಪಿಂಚಣಿಗೆ ನಷ್ಟವಾದರೂ ಒಂದು ಮಾತು ಆಡಲಿಲ್ಲ ಎಂದು. ಮಾತಾಡದ ಆ ಮನುಷ್ಯ ಎಷ್ಟು ಪ್ರೀತಿಸಿದ್ದ ಎಂಬುದು ಅವಳಿಗೆ ಫೋನಿನಲ್ಲಿ ತಿಳಿಯುವಂಥದ್ದಲ್ಲ. ನೆಲಮಾಳಿಗೆಯ ಆ ಬೆಂಚಿನ ತನಕ ಇಳಿದು ಬರಬೇಕಿತ್ತು.

ಇಲ್ಲಿಗೆ ಕಾದಂಬರಿ ತನ್ನ ಪ್ರಶ್ನೆಗೆ ಕೊಡುವ ಉತ್ತರ ನನಗೆ ಕಂಡದ್ದು ಹೀಗೆ. ಬಂದದ್ದರಿಂದ ಯಾರ ಪ್ರೀತಿಯೂ ಸಾಬೀತಾಗಲಿಲ್ಲ. ಗ್ಯಾರಿ ಬಂದ, ಪ್ರೀತಿ ಸಾಬೀತಾಗಲಿಲ್ಲ. ಜೋನಾ ಬರಲಿಲ್ಲ, ಅದರಿಂದ ಅವನಿಗೆ ಅಜ್ಜಿ ಬೇಡವೆಂದು ಆಗಲಿಲ್ಲ. ಬರುವುದನ್ನು ತೂಕಕ್ಕೆ ಹಾಕುವುದೇ ತಪ್ಪು. ಆದರೆ ಬಂದರೆ ಮಾತ್ರ ಸಿಗುವ ಕೆಲವು ಸಂಗತಿಗಳಿವೆ, ಮತ್ತು ಅವು ಯಾರಿಗೆ ಸಿಗುತ್ತವೆ ಎಂದು ಟಿಕೆಟ್ ತೆಗೆಯುವಾಗ ಹೇಳಲಾಗುವುದಿಲ್ಲ. ಈನಿಡ್ ಹೇಳಬೇಕಾಗಿದ್ದದ್ದು ಇಷ್ಟೇ. ಅವಳಿಗೆ ಆ ಭಾಷೆ ಇರಲಿಲ್ಲ.

ನನ್ನ ಹಾಳೆಗೆ ವಾಪಸು ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡದಲ್ಲಿ ಮಂಗಳೂರಿನ ಕ್ಯಾಥೊಲಿಕ್ ಹುಡುಗನೊಬ್ಬನಿದ್ದ. ಡಿಸೆಂಬರ್ 22ರಿಂದ ರಜೆ ಕೇಳಿದ. ಅಮೆರಿಕದವರ ಕ್ರಿಸ್‌ಮಸ್ ಕಾಯಲು ನನಗೆ ಜನ ಬೇಕಿತ್ತು, ಅವನೇ ಆ ಮಾಡ್ಯೂಲ್ ಗೊತ್ತಿದ್ದವನು. ಮುಂದಿನ ವರ್ಷ ನೋಡೋಣ ಎಂದೆ. ಅವನು ವಾದ ಮಾಡಲಿಲ್ಲ. ಹಬ್ಬದ ಮರುದಿನ ನನ್ನ ಮೇಜಿನ ಮೇಲೆ ಒಂದು ಡಬ್ಬಿ ಇತ್ತು: ಅವನ ತಾಯಿ ಬಸ್ಸಿನಲ್ಲಿ ಪಾರ್ಸೆಲ್ ಕಳಿಸಿದ ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ. ಮಗ ಬರಲಿಲ್ಲವೆಂದು ತಾಯಿ ತಿಂಡಿಯನ್ನು ಮಗನಿದ್ದಲ್ಲಿಗೆ ಕಳಿಸಿದ್ದಳು. ಒಂದು ಕಡೆ ಅಮೆರಿಕದ ಯಾರದೋ ಮಗ ತನ್ನಮ್ಮನ ಮನೆ ಸೇರಲೆಂದು, ಇನ್ನೊಂದು ಕಡೆ ಮಂಗಳೂರಿನ ಒಬ್ಬ ತಾಯಿಯ ಮಗನನ್ನು ನಾನು ಪುಣೆಯಲ್ಲಿ ಉಳಿಸಿಕೊಂಡಿದ್ದೆ. ಆಗ ಇದು ನನಗೆ ಹೊಳೆದಿರಲಿಲ್ಲ. ಹೊಳೆದದ್ದು ಈನಿಡ್‌ಳನ್ನು ಓದಿದ ಮೇಲೆ.

ಈಗ ತಂಡದಲ್ಲಿ ಒಂದು ನಿಯಮ ಮಾಡಿದ್ದೇವೆ. ಹೋದ ಸಲ ಉಳಿದವರ ಹೆಸರು ಈ ಸಲ ರಜೆಯ ಪಟ್ಟಿಯಲ್ಲಿ ಮೊದಲು. ಕ್ರಿಸ್‌ಮಸ್‌ಗೂ ಅದೇ, ಈದ್‌ಗೂ ಅದೇ, ದೀಪಾವಳಿಗೂ ಅದೇ. ರಜೆಗಾಗಿ ಯಾರೂ ನನ್ನ ಮುಂದೆ ಬಂದು ಅಪ್ಪನ ಕಾಯಿಲೆ ವಿವರಿಸಬೇಕಾಗಿಲ್ಲ. ನಿಯಮ ಮಾಡುವಾಗ ಎಲ್ಲರನ್ನೂ ಕೇಳಿದೆವು, ಹೊಸದಾಗಿ ಸೇರಿದವರನ್ನೂ. ಕೇಳದೆ ಮಾಡಿದ ನಿಯಮದ ಗತಿ ಏನಾಗುತ್ತದೆಂದು ಕ್ಯಾರೊಲೈನ್ ತೋರಿಸಿಕೊಟ್ಟಿದ್ದಾಳೆ.

ಮನೆಯ ಹಾಳೆ ಇನ್ನೂ ಖಾಲಿಯೇ ಇದೆ. ಮೊದಲು ಹಾಸನ, ವಾಪಸು ಬರುವಾಗ ಧಾರವಾಡ ಎಂದು ಈ ಸಲ ನಾನು ಹೇಳಿ ನೋಡಿದೆ. ಹೆಂಡತಿ ಇಲ್ಲವೆನ್ನಲಿಲ್ಲ. "ನಮ್ಮವ್ವಗ ಫೋನ್ ಮಾಡಿ ನೀವ ಹೇಳ್ರಿ" ಎಂದಳು. ಮೂರು ದಿನವಾಯಿತು. ಇನ್ನೂ ಮಾಡಿಲ್ಲ.